ಗೋಡೆಯ ಗಾಳಿಕಂಡಿ

“ಈ ಗಾಳಿಕಂಡಿಯನ್ನು ಯಾವತ್ತೂ ಮುಚ್ಚಬೇಡಿ,” ಎಂದ, ಮರದ ಪುಡಿಯ ಗುಳಿಗೆ ಉರಿಸುವ ಪೆಲೆಟ್ ಸ್ಟೋವ್ ಕೂರಿಸಲು ಅಳತೆ ತೆಗೆಯುತ್ತಿದ್ದ ಇಂಗ್ಲಿಷ್ ಕೆಲಸಗಾರ. ಇಂಗ್ಲಿಷರ ನಾಡಿನ ಫೆಲ್ಥಮ್‌ನ ನಮ್ಮ ಮನೆಯ ದುರಸ್ತಿ ನಡೆದಿತ್ತು. ಪಕ್ಕದಲ್ಲೇ ಕುಳಿತಿದ್ದ ಅತ್ತೆಗೆ ಅವನ ಮಾತು ಅರ್ಥವಾಗಲಿಲ್ಲ.

“ಹೆಣೇ, ಆ ಕಂಡಿಗೆ ಮುಂಚಿನ್ ಹಾಂಗೆ ಬಟ್ಟೆ ತುರ್ಕ್. ಥಂಡಿ ಬತ್ತ್,” ಎಂದು ನನಗೆ ಹೇಳಿದರು.

ಹಿಂದಿನ ಚಳಿಗಾಲ, ತಮ್ಮ ಮಗ ನಡುಗಬಾರದೆಂದು ಹಳೆಯ ಸೀರೆ ಹರಿದು ಅಲ್ಲಿ ತುರುಕಿದವರು ಅವರೇ. ಕುಂದಾಪುರದ ಅವರ ಮನೆಯಲ್ಲಿ ಒಲೆಯ ಹೊಗೆ ಹಂಚಿನ ಸಂದಿಯಿಂದ ತಾನಾಗಿಯೇ ಹೋಗುತ್ತಿತ್ತು. ಇಲ್ಲಿ ಗ್ಯಾಸ್ ಹೀಟರಿನ ವಿಷಗಾಳಿಗೆ ದಾರಿಯೇ ಉಳಿಯಲಿಲ್ಲ. ಏರ್‌ಪೋರ್ಟಿನ ಪಾಳಿ ಮುಗಿಸಿ ಬಂದು ಈ ಕೋಣೆಯಲ್ಲಿ ಮಲಗಿದ ನನ್ನ ಗಂಡ ಮತ್ತೆ ಏಳಲಿಲ್ಲ. ಅತ್ತೆಗೆ ಹೃದಯಾಘಾತವೆಂದು ಹೇಳಿದ್ದೆವು.

“ಅವರು ಏನಂದರು?” ಎಂದು ಆತ ಕೇಳಿದ.

“ನಿಮಗೆ ಟೀ ಬೇಕಾ ಅಂತ ಕೇಳ್ತಿದ್ದಾರೆ,” ಎಂದೆ.

ಸ್ಟೋವ್ ಬಂದಿದೆ. ಅತ್ತೆ ಕಂಡಿಗೆ ಬಟ್ಟೆ ತುರುಕಿದಾಗಲೆಲ್ಲ ನಾನು ಸದ್ದಿಲ್ಲದೆ ತೆಗೆಯುತ್ತೇನೆ. ಸಿಟ್ಟಿಲ್ಲ ಎಂದರೆ ಸುಳ್ಳಾದೀತು. ಮನೆಗೆ ಬಂದವರ ಮುಂದೆ ಅವರು ಈಗಲೂ ಹೇಳುವುದು ಒಂದೇ ಮಾತು: ಗಂಡನ ಎದೆಯಲ್ಲಿ ಅಷ್ಟು ದೊಡ್ಡ ಕಾಯಿಲೆ ಇದ್ದದ್ದು ಕಟ್ಟಿಕೊಂಡವಳಿಗೇ ಗೊತ್ತಾಗಲಿಲ್ಲವಂತೆ.