ನಿದ್ದೆಗೆಂದು ಮಾಡದ ಸೀಟು

ಡ್ರೈಯರ್ ಬಾಗಿಲು ತೆಗೆದು, ಹೊದಿಕೆಯನ್ನು ಎರಡೂ ಕೈಯಿಂದ ತಬ್ಬಿ ಎತ್ತಿಕೊಂಡಾಗ ಮುಖಕ್ಕೆ ಬಡಿಯುವ ಕಾವಿಗೆ ಒಂದು ವಾಸನೆ ಇದೆ. ಧಾರವಾಡದಲ್ಲಿ ನಮ್ಮ ಓಣಿಯ ಇಸ್ತ್ರಿ ಅಂಗಡಿಯ ಮುಂದೆ ಹಾದುಹೋಗುವಾಗ ಬರುತ್ತಿದ್ದದ್ದಕ್ಕೆ ಹತ್ತಿರದ್ದು. ಇದ್ದಿಲಿನ ಹೊಗೆಯೊಂದು ಇಲ್ಲ, ಅಷ್ಟೆ. ಇವತ್ತು ಬೆಳಿಗ್ಗೆಯಿಂದ ನಮ್ಮ ಮನೆ ತುಂಬ ಅದೇ ವಾಸನೆ. ಒಟ್ಟು ಹನ್ನೆರಡು ಹೊದಿಕೆ, ಮಷೀನಿಗೆ ಒಂದು ಸಲಕ್ಕೆ ಹಿಡಿಯುವುದು ಎರಡು. ಹೀಗಾಗಿ ತಿಂಡಿಯಾದಾಗಿನಿಂದ ಬೇಸ್‌ಮೆಂಟಿನ ಮೆಟ್ಟಿಲು ಹತ್ತುವುದು, ಇಳಿಯುವುದು ಇದೇ ನನ್ನ ಕೆಲಸ. ಅಂದಹಾಗೆ, ಇವುಗಳಲ್ಲಿ ನಮ್ಮ ಮನೆಯ ಹೊದಿಕೆ ಒಂದೂ ಇಲ್ಲ.

ಎಲ್ಲವೂ ಇಲ್ಲಿಂದ ಅರ್ಧ ಮೈಲಿ ದೂರದ ಯುನಿಟೇರಿಯನ್ ಚರ್ಚಿನವು. ಪ್ರತಿ ಬುಧವಾರ ಅಲ್ಲಿಂದ ಮುಂದಿನ ಕಾರ್ಯಕ್ರಮಗಳ ಪಟ್ಟಿ ಈಮೇಲಿನಲ್ಲಿ ಬರುತ್ತದೆ. ಮೂರನೆಯ ಜೋಡಿ ಹೊದಿಕೆ ತಿರುಗುತ್ತಿದ್ದಾಗ ಅದೂ ಬಂತು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಸೂಪು. ಸೋಮವಾರ, ಹೊಸದಾಗಿ ಈ ದೇಶಕ್ಕೆ ಬಂದವರ ಜೊತೆ ಇಂಗ್ಲಿಷ್ ಮಾತುಕತೆ. ಶನಿವಾರ ವೋಟರ್ ಪಟ್ಟಿಗೆ ಹೆಸರು ಸೇರಿಸಲು ಸಹಾಯ. ನಾಳೆ, ಗುರುವಾರ ಸಂಜೆ ಏಳಕ್ಕೆ, ಟೌನ್‌ಶಿಪ್ ಸಭೆ: ಮನೆಯಿಲ್ಲದವರು ಚಳಿಗಾಲದಲ್ಲಿ ಚರ್ಚಿನ ಹಾಲ್‌ನಲ್ಲಿ ಮಲಗುವುದಕ್ಕೆ ಕೊಟ್ಟ ಅನುಮತಿಯನ್ನು ಮುಂದುವರಿಸುವ ವಿಚಾರ. ವಿವರಗಳಿಗೆ ಇವರನ್ನು ಕೇಳಿ ಎಂದು ಕೆಳಗೆ ನನ್ನ ಹೆಸರು. ಸ್ಪೆಲಿಂಗ್ ತಪ್ಪಾಗಿದೆ, ಇರಲಿ.

ಇಷ್ಟು ಓದಿ ನೀವು ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ಆ ಚರ್ಚಿನ ಜೊತೆ ನನ್ನ ಸಂಬಂಧ ಶುರುವಾದದ್ದು ಅದರ ವಿರುದ್ಧ ಸಹಿ ಹಾಕುವುದರಿಂದ.

ನಾವಿರುವುದು ಡೆಟ್ರಾಯಿಟ್ ಹತ್ತಿರ, ಕ್ಯಾಂಟನ್ನಿಗೂ ಆನ್ ಆರ್ಬರಿಗೂ ನಡುವಿನ, ನಮ್ಮೂರ ಕಡೆಯ ಪಂಚಾಯ್ತಿಯಂಥ ಒಂದು ಚಿಕ್ಕ ಟೌನ್‌ಶಿಪ್. ಕೆಲವು ವರ್ಷಗಳ ಹಿಂದೆ, ನವೆಂಬರಿನಲ್ಲಿ, ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಕನ್ನಡ ರಾಜ್ಯೋತ್ಸವ ನಡೆಯುತ್ತಿತ್ತು. ಊಟದ ಸಾಲಿನಲ್ಲಿ ಸುಧಾ ಬಂದಳು. ಸುಧಾ ಮೈಸೂರಿನವಳು, ನಮ್ಮದೇ ಬಡಾವಣೆ, ನನಗಿಂತ ಹದಿನೈದು ವರ್ಷ ಚಿಕ್ಕವಳು. ನನ್ನ ಮಂಡಿಯ ಆಪರೇಷನ್ ಆದಾಗ ಹತ್ತು ದಿನ ಊಟ ತಂದುಕೊಟ್ಟ ಹುಡುಗಿ. ಅವಳ ಕೈಯಲ್ಲಿ ಕ್ಲಿಪ್‌ಬೋರ್ಡ್ ಇತ್ತು.

"ಆಂಟಿ, ಇಲ್ಲೊಂದು ಸೈನ್ ಮಾಡಿ. ಆ ಚರ್ಚಲ್ಲಿ ಹೋಮ್‌ಲೆಸ್ ಜನಾನ ಇಟ್ಕೊಳ್ತಾರಂತೆ. ಮಕ್ಕಳು ಸ್ಕೂಲ್ ಬಸ್‌ಗೆ ಅದೇ ದಾರೀಲಿ ನಡ್ಕೊಂಡು ಹೋಗ್ಬೇಕು."

ಎಡಗೈಯಲ್ಲಿ ಬಿಸಿಬೇಳೆ ಭಾತಿನ ತಟ್ಟೆ, ಬಲಗೈಯಲ್ಲಿ ಪೆನ್ನು. ಮೂವತ್ತೇಳನೆಯ ಸಾಲಿನಲ್ಲಿ ನನ್ನ ಹೆಸರು. ಮನೆಗೆ ಬಂದು ಮಗಳು ಮೇಘಾಳಿಗೆ ಹೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ, "ಡಿಡ್ ಯೂ ಈವನ್ ರೀಡ್ ಇಟ್, ಅಮ್ಮಾ?" ಎಂದಳು. ಊಟದ ಸಾಲು ಉದ್ದ ಇತ್ತು ಎಂದೆ. ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅದಾಗಿ ಒಂದು ವಾರಕ್ಕೆ ಎದುರು ಮನೆಯ ರೂತ್ ತಮ್ಮ ಡ್ರೈವ್‌ವೇಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ರೂತ್‌ಗೆ ಆಗ ಎಂಬತ್ತರ ಹತ್ತಿರ. ಕಿಂಡರ್‌ಗಾರ್ಟನ್ ಮಕ್ಕಳಿಗೆ ಪಾಠ ಹೇಳಿ ರಿಟೈರಾದವರು, ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಭಾನುವಾರ ತಮ್ಮನ್ನು ಚರ್ಚಿಗೆ ಕರೆದುಕೊಂಡು ಹೋಗಲು ಆಗುತ್ತದೆಯೇ ಎಂದು ಕೇಳಿದರು. ಯಾವ ಚರ್ಚು ಎಂದು ಕೇಳುವ ಮೊದಲೇ ನಾನು ಹೂಂ ಅಂದಾಗಿತ್ತು.

ಇಲ್ಲಿ ಒಂದು ಮಾತು. ರೂತ್ ಜೀವಮಾನದಲ್ಲಿ ಒಂದು ಅಕ್ಷರ ಕನ್ನಡ ಆಡಿದವರಲ್ಲ. ಆದರೆ ಮಗಳನ್ನು ಬಿಟ್ಟರೆ, ನನಗೆ ಹತ್ತಿರದವರು ಇಂಗ್ಲಿಷಿನಲ್ಲಿ ಹೇಳಿದ್ದೂ ನನ್ನ ತಲೆಯಲ್ಲಿ ಧಾರವಾಡದ ಕನ್ನಡವಾಗಿಯೇ ಉಳಿಯುತ್ತದೆ. ಅದು ಹಾಗೆಯೇ ಬರುತ್ತದೆ, ಸಹಿಸಿಕೊಳ್ಳಿ.

ಕಾರಿನಲ್ಲಿ ಕೇಳಿದೆ, ನಿಮ್ಮ ಚರ್ಚಿನಲ್ಲಿ ಯಾವ ದೇವರನ್ನು ನಂಬಬೇಕು ಎಂದು.

"ಅದು ನಿಮ್ಮ ಮನೀ ವಿಚಾರ. ದೇವ್ರು ಒಬ್ಬಾಂವೋ, ಹತ್ತು ಮಂದಿಯೋ, ಇಲ್ಲೇ ಇಲ್ಲೋ, ನಾವು ಕೇಳಂಗಿಲ್ಲ. ಮಂದೀನ್ನ ಹೆಂಗ ನೋಡ್ಕೋತೀರಿ, ಅಷ್ಟ ಕೇಳ್ತೀವಿ," ಎಂದರು ರೂತ್.

ಸಹಿ ಹಾಕಿದ ಕೈ ಸ್ಟಿಯರಿಂಗ್ ಮೇಲೆ ಇತ್ತು.

ಮೊದಲ ದಿನದ ನನ್ನ ಪರಾಕ್ರಮ ಕೇಳಿ. ದೇವರ ಜಾಗ ಎಂಬ ಅಭ್ಯಾಸದಲ್ಲಿ ಬಾಗಿಲ ಹತ್ತಿರ ಶೂ ಬಿಚ್ಚಿಟ್ಟು ಒಳಗೆ ಹೋದೆ. ಶಿಲುಬೆ ಇಲ್ಲ, ಮೂರ್ತಿ ಇಲ್ಲ. ಅಗಲ ಬಾಯಿಯ ಬಟ್ಟಲಿನಲ್ಲಿ ಒಂದು ದೀಪ ಹಚ್ಚಿದರು, ಹಾಡಿದರು, ಒಂದಷ್ಟು ಹೊತ್ತು ಸುಮ್ಮನೆ ಕೂತರು. ಹೊರಗೆ ಬಂದರೆ ಶೂ ಇಲ್ಲ. ಯಾರೋ ಬಿಟ್ಟುಹೋಗಿದ್ದಾರೆಂದು ಅವನ್ನು ಕಳೆದುಹೋದ ವಸ್ತುಗಳ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರು. ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿಯ ದಿನ ಕಾಲುಚೀಲದಲ್ಲಿ ಓಡಾಡುತ್ತ, ಆ ಪೆಟ್ಟಿಗೆ ಹುಡುಕಿಕೊಂಡು ಹೋಗಿ ತಲುಪಿದ್ದು ಕೆಳಗಿನ ಕಾಫಿ ಹಾಲ್‌ಗೆ. ಅಲ್ಲಿ ಟಾನ್ಯಾ ಸಿಕ್ಕಳು.

ನಲವತ್ತರ ಆಸುಪಾಸಿನ ಹೆಂಗಸು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವವರ ನೀಲಿ ಸಮವಸ್ತ್ರ ತೊಟ್ಟಿದ್ದಳು. ಕಾಫಿ ಕಪ್ಪನ್ನು ಹಿಡಿದು ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು, ಸೊಂಟ ನೋವಿರುವವರು ನಿಲ್ಲುತ್ತಾರಲ್ಲ ಹಾಗೆ. ನನಗೆ ಸೊಂಟನೋವು ಕಂಡರೆ ಸುಮ್ಮನಿರಲಾಗುವುದಿಲ್ಲ, ಅದು ನನ್ನ ವೃತ್ತಿ. ನಾನು ಡಾಕ್ಟರಲ್ಲ. ಡೆಟ್ರಾಯಿಟ್ ಸುತ್ತಲಿನ ಕಾರು ಕಾರ್ಖಾನೆಗಳಿಗೆ ಸೀಟು ಮಾಡಿಕೊಡುವ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಸೀಟು ಪರೀಕ್ಷೆ ಮಾಡಿದವಳು. ಕೂತವರ ಬೆನ್ನು ಎಲ್ಲಿ ನೋಯುತ್ತದೆ, ಎಷ್ಟು ಹೊತ್ತಿಗೆ ನೋಯುತ್ತದೆ ಎಂದು ಅಳೆಯುವುದೇ ಕೆಲಸ.

ಬೆನ್ನಿಗೇನಾಯಿತು ಎಂದು ಕೇಳಿದೆ. ಕಾರಿನಲ್ಲಿ ಮಲಗುತ್ತೇನೆ ಎಂದಳು, ಮಳೆ ಬರುತ್ತಿದೆ ಅಂದ ಹಾಗೆ. ಬಾಡಿಗೆ ಮನೆಯ ಕಟ್ಟಡವನ್ನು ಯಾರೋ ಕೊಂಡುಕೊಂಡು ಎಲ್ಲರಿಂದಲೂ ಮನೆ ಖಾಲಿ ಮಾಡಿಸಿದ್ದರು. ಇವಳ ಪಾಳಿ ಮುಗಿಯುವ ಹೊತ್ತಿಗೆ ಊರಿನ ಶೆಲ್ಟರುಗಳು ತುಂಬಿರುತ್ತಿದ್ದವು. ಹೀಗಾಗಿ ಐದು ವಾರದಿಂದ ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ ಮಲಗುತ್ತಿದ್ದಳು.

ಯಾವ ಕಾರು ಎಂದು ಕೇಳಿದೆ. ಹೇಳಿದಳು.

ಆ ಸೀಟು ನನ್ನದು. ಐದು ವರ್ಷ ನಾನೂ ನನ್ನ ತಂಡವೂ ಅದರ ಮೇಲೆ ಕೆಲಸ ಮಾಡಿದ್ದೆವು. ಅದರ ಬೆನ್ನು ಎಷ್ಟು ಬಾಗುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂದು ನನಗೆ ಗೊತ್ತು. ಎರಡೂ ಪಕ್ಕದ ದಿಂಡುಗಳನ್ನು ಅಷ್ಟು ಗಟ್ಟಿ ಮಾಡಬೇಕೆಂದು ವಾದಿಸಿ ಗೆದ್ದವಳು ನಾನು, ತಿರುವಿನಲ್ಲಿ ಡ್ರೈವರ್ ಜಾರಬಾರದೆಂದು. ಮಗ್ಗುಲಾಗಿ ಮಲಗಿದವರ ಪಕ್ಕೆಲುಬಿಗೆ ಅದು ಎಲ್ಲಿ ಒತ್ತುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲೆ. ತೋರಿಸಿಯೂ ತೋರಿಸಿದೆ, ನನ್ನದೇ ಪಕ್ಕೆಯ ಮೇಲೆ.

"ಇಲ್ಲೇ ನೋಯ್ತದಲ್ಲ?"

"ನಿಮಗ ಹೆಂಗ ಗೊತ್ತು?"

"ನಾನಽ ಮಾಡಿದ್ದು ಅದನ್ನ. ಡ್ರೈವರ್ ಎಚ್ಚರ ಇರ್ಲಿ ಅಂತ ಮಾಡಿದ್ದು. ನಿದ್ದಿ ಮಾಡ್ಲಿಕ್ಕೆ ಅಲ್ಲ."

ಟಾನ್ಯಾ ನನ್ನನ್ನು ಮೇಲಿನಿಂದ ಕಾಲುಚೀಲದವರೆಗೆ ನೋಡಿದಳು. "ಇಷ್ಟು ದಿವಸ ಯಾರನ್ನ ಬೈಬೇಕು ಅಂತ ತಿಳೀತಿದ್ದಿಲ್ಲ," ಎಂದು ನಕ್ಕಳು. ನಕ್ಕಿದ್ದಕ್ಕೆ ಸೊಂಟ ಹಿಡಿದುಕೊಂಡಳು.

ಮರುದಿನ ಸುಧಾಳ ಮನೆಗೆ ಹೋಗಿ ನನ್ನ ಹೆಸರು ತೆಗೆದುಬಿಡು ಎಂದೆ. ಅರ್ಜಿಯನ್ನು ಟೌನ್‌ಶಿಪ್ ಬೋರ್ಡಿಗೆ ಕೊಟ್ಟಾಗಿದೆ ಎಂದಳು. ಹಾಗಾದರೆ ಚರ್ಚಿಗೆ ಅನುಮತಿ ಕೊಡುವುದೋ ಬೇಡವೋ ಎಂದು ತೀರ್ಮಾನಿಸುವ ಸಭೆಯಲ್ಲಿ ನಾನೇ ಹೇಳುತ್ತೇನೆ ಎಂದೆ. ಅವಳು ಚಹಾದ ಲೋಟ ಕೆಳಗಿಟ್ಟಳು.

"ನಿಮ್ಮ ಮಗಳು ದೊಡ್ಡವಳಾದ್ಲು ಆಂಟಿ. ನನ್ನೋರು ಇನ್ನೂ ಚಿಕ್ಕೋರು. ಭಯ ಆಗುತ್ತೆ, ಅದು ತಪ್ಪಾ?"

"ಭಯ ತಪ್ಪಲ್ಲವ್ವಾ. ಆದರ ಅಲ್ಲಿ ಇರೋ ಆಕಿ ಯಾರು ಅಂತ ನೋಡಿ ಬಂದೀನಿ ನಾನು."

"ಒಬ್ಬರನ್ನ ನೋಡಿದ್ದೀರ," ಎಂದಳು ಸುಧಾ. ಅದು ನಿಜವೇ ಆಗಿತ್ತು. ಆದರೂ ಸಭೆಗೆ ಹೋದೆ.

ಟೌನ್‌ಶಿಪ್ ಸಭೆಯಲ್ಲಿ ಸಾರ್ವಜನಿಕರಿಗೆ ತಲೆಗೆ ಮೂರು ನಿಮಿಷ. ಎರಡು ಪುಟ ಬರೆದುಕೊಂಡು ಹೋಗಿದ್ದೆ, ಕನ್ನಡಕ ಕಾರಿನಲ್ಲೇ ಉಳಿದಿತ್ತು. ಕಂಪನಿಯ ದೊಡ್ಡ ದೊಡ್ಡ ಮೀಟಿಂಗಿನಲ್ಲಿ ಮಾತಾಡಿದವಳ ಇಂಗ್ಲಿಷು ಮೈಕಿನ ಮುಂದೆ ತೊದಲಿತು. ಅರ್ಜಿಯ ಮೂವತ್ತೇಳನೆಯ ಹೆಸರು ನನ್ನದು, ಓದದೆ ಸಹಿ ಹಾಕಿದೆ, ಅದನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂದೆ. ಆಮೇಲೆ ಗೊತ್ತಿದ್ದ ಒಂದೇ ವಿಷಯ ಮಾತಾಡಿದೆ: ಸೀಟು. ಅದು ಎಷ್ಟು ಬಾಗುತ್ತದೆ, ಎಂಜಿನ್ ಆರಿಸಿದ ಮೇಲೆ ಕಾರಿನೊಳಗಿನ ಬಿಸಿ ಎಷ್ಟು ಬೇಗ ಹೋಗುತ್ತದೆ, ಮನುಷ್ಯನ ಬೆನ್ನು ಎಷ್ಟು ಹೊತ್ತು ತಡೆಯುತ್ತದೆ. ಹಿಂದಿನ ಸಾಲುಗಳಲ್ಲಿ ನಮ್ಮ ಕನ್ನಡದವರು ಏಳೆಂಟು ಮಂದಿ ಇದ್ದರು. ಯಾರ ಮುಖವನ್ನೂ ನೋಡದೆ ಬಂದು ಕೂತೆ.

ಸೋತೆವು. ಬೋರ್ಡಿನಲ್ಲಿ ನಾಲ್ಕು ಮತ ವಿರುದ್ಧ, ಮೂರು ಪರ.

ಪಾರ್ಕಿಂಗಿನಲ್ಲಿ ನಾನು ಅಳುವ ಹಾಗಿದ್ದೆ. ರೂತ್ ಪ್ಲಾಸ್ಟರಿನ ಕೈಯನ್ನು ಎದೆಗೆ ಹಿಡಿದುಕೊಂಡು, "ಮುಂದಿನ ಸಭಾ ಯಾವಾಗ ಅದ, ಬರಕೊಂಡಿರೇನು?" ಎಂದು ಕೇಳಿದರು. ನಾನು ಬರೆದುಕೊಂಡಿರಲಿಲ್ಲ.

ಈಗ ಹೇಳಲು ಹಿಂಜರಿಕೆಯಾಗುವ ಸಂಗತಿ. ಮೈಕಿನ ಮುಂದೆ ಅಷ್ಟೆಲ್ಲ ಹೇಳಿದ ನನ್ನ ಮನೆಯಲ್ಲಿ ಎರಡು ರೂಮು ಖಾಲಿ ಇದ್ದವು. ಟಾನ್ಯಾಳನ್ನು ಕರೆಯಬೇಕು ಎಂದು ಮೂರು ದಿನ ಯೋಚಿಸಿದೆ. ಮನೆಯವರು ಏನನ್ನುತ್ತಾರೋ, ದೇವರ ಕೋಣೆ ಪಕ್ಕದಲ್ಲೇ ಇದೆ, ಅವಳು ಮಾಂಸ ಬೇಯಿಸಿದರೆ ಹೇಗೆ, ಎಷ್ಟು ದಿನ ಇರುತ್ತಾಳೋ. ಕೊನೆಗೆ ಧೈರ್ಯಮಾಡಿ ಗಂಡನ ಮುಂದೆ ಮಾತು ತೆಗೆದೆ. ಅವರು ಪೇಪರ್ ಕೆಳಗಿಳಿಸಿ, "ಕರಿ. ನಾ ಬ್ಯಾಡ ಅಂದೆನೇನು?" ಎಂದರು. ಅಲ್ಲಿಗೆ ನನ್ನ ನೆಪಗಳಲ್ಲಿ ದೊಡ್ಡದು ಹೋಯಿತು. ನಾಲ್ಕನೆಯ ದಿನ ಕಿಟಕಿಯಿಂದ ನೋಡಿದರೆ ಟಾನ್ಯಾಳ ಕಾರು ರೂತ್ ಮನೆಯ ಮುಂದೆ ನಿಂತಿತ್ತು. ರೂತ್ ಯೋಚಿಸಲು ಅರ್ಧ ದಿನವನ್ನೂ ತೆಗೆದುಕೊಂಡಿರಲಿಲ್ಲ. ಅವತ್ತು ನನಗಾದದ್ದು ನಾಚಿಕೆ, ಅದರ ಜೊತೆ ಸ್ವಲ್ಪ ನಿರಾಳ. ಆ ನಿರಾಳ ಈಗಲೂ ನೆನಪಾದರೆ ಚುಚ್ಚುತ್ತದೆ.

ಬಹುಶಃ ಅದಕ್ಕೇ ಇರಬೇಕು, ಮುಂದೆ ಒಂದು ಸಭೆಯನ್ನೂ ನಾನು ತಪ್ಪಿಸಲಿಲ್ಲ. ತಿಂಗಳಿಗೊಂದರಂತೆ ಹನ್ನೊಂದು ಸಭೆ. ಪ್ರತಿ ಸಲ ಹೆಸರು ಬರೆಸುವುದು, ಮೂರು ನಿಮಿಷ ಮಾತಾಡುವುದು. ನಾಲ್ಕನೆಯದರ ಹೊತ್ತಿಗೆ ಗುಮಾಸ್ತೆಗೆ ನನ್ನ ಹೆಸರು ಬಾಯಿಪಾಠವಾಯಿತು. ಆರನೆಯದಕ್ಕೆ ಟಾನ್ಯಾ ತಾನೇ ಬಂದು ಮಾತಾಡಿದಳು; ವಿರುದ್ಧ ಮತ ಹಾಕಿದ್ದ ಸದಸ್ಯರೊಬ್ಬರ ತಾಯಿಯನ್ನು ವೃದ್ಧಾಶ್ರಮದಲ್ಲಿ ದಿನವೂ ಸ್ನಾನ ಮಾಡಿಸುತ್ತಿದ್ದವಳು ಅವಳೇ ಎಂಬುದು ಆ ಸದಸ್ಯರಿಗೆ ಅವತ್ತು ಗೊತ್ತಾಯಿತು. ಮುಂದಿನ ಚಳಿಗಾಲಕ್ಕೆ ಅನುಮತಿ ಸಿಕ್ಕಿತು. ಹನ್ನೆರಡು ಮಂಚ, ಜನವರಿಯಿಂದ ಮಾರ್ಚ್ ಮಾತ್ರ, ಬೆಳಿಗ್ಗೆ ಏಳಕ್ಕೆ ಖಾಲಿ ಮಾಡಬೇಕು. ಸಿಕ್ಕಷ್ಟನ್ನು ತೆಗೆದುಕೊಂಡೆವು.

ಟಾನ್ಯಾ ಈಗ ಆನ್ ಆರ್ಬರಿನ ಹೊರಗೆ ಸ್ವಂತ ಅಪಾರ್ಟ್‌ಮೆಂಟ್ ಹಿಡಿದಿದ್ದಾಳೆ. ರೂತ್ ಶಾಮ್‌ಬರ್ಗ್ ಎಂಬ ದೂರದ ಊರಿನಲ್ಲಿ ಮಗನ ಹತ್ತಿರ ಇದ್ದಾರೆ. ಅಲ್ಲಿಯೂ ಒಂದು ಯುನಿಟೇರಿಯನ್ ಚರ್ಚು ಹುಡುಕಿಕೊಂಡು, ಪ್ರತಿ ಭಾನುವಾರ ಫೋನ್ ಮಾಡಿ ಎರಡೂ ಕಡೆಯ ಕಾರ್ಯಕ್ರಮಗಳನ್ನು ಹೋಲಿಸುತ್ತಾರೆ. ಅಲ್ಲಿನ ಸೂಪು ನೀರು ನೀರಂತೆ. ಸುಧಾ ಎರಡು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಇಂಡಿಯನ್ ಸ್ಟೋರಿನಲ್ಲಿ, ಕರಿಬೇವಿನ ಮುಂದೆ, "ನಾನಿನ್ನೂ ಒಪ್ಪಲ್ಲ ಆಂಟಿ," ಎಂದಳು. ಒಪ್ಪಬೇಡ, ಒಂದು ಸಂಜೆ ಬಂದು ನೋಡು ಎಂದೆ. ಬಂದಿಲ್ಲ. ಆದರೆ ನೋಡಿದಾಗ ನಿಂತು ಮಾತಾಡುತ್ತಾಳೆ.

ನಾಳೆಯ ಸಭೆ ಸುಲಭವಿಲ್ಲ. ಬೋರ್ಡಿಗೆ ಹೊಸಬರು ಬಂದಿದ್ದಾರೆ, ಅನುಮತಿಯನ್ನು ನಿಲ್ಲಿಸಬೇಕೆಂಬ ಮಾತು ಕೇಳಿಬರುತ್ತಿದೆ. ನಾವು ಏಪ್ರಿಲನ್ನೂ ಸೇರಿಸಿ ಎಂದು ಕೇಳಲಿದ್ದೇವೆ. ಇಲ್ಲಿ ಏಪ್ರಿಲಿನಲ್ಲೂ ಹಿಮ ಬೀಳುತ್ತದೆ.

ಇಷ್ಟು ವರ್ಷ ಚರ್ಚಿನ ವಿಷಯವನ್ನು ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ನಾನು ಒಮ್ಮೆಯೂ ಎತ್ತಿರಲಿಲ್ಲ. ಅಲ್ಲಿ ಹಬ್ಬದ ಶುಭಾಶಯ, ಡೆಂಟಿಸ್ಟ್ ಯಾರು ಒಳ್ಳೆಯವರು, ಹಳೆಯ ಸೋಫಾ ಬೇಕೆ ಎಂಬಷ್ಟೇ ವಿಚಾರ. ಜಗಳ ಬೇಡವೆಂದು ಎರಡು ಬದುಕನ್ನೂ ಬೇರೆ ಬೇರೆ ಇಟ್ಟಿದ್ದೆ. ಇವತ್ತು ಕೊನೆಯ ಜೋಡಿ ಹೊದಿಕೆ ಮಡಿಸಿಟ್ಟ ಮೇಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬರೆಯಲು ಶುರುಮಾಡಿದೆ. ಶೆಲ್ಟರ್ ಎಂಬುದಕ್ಕೆ ಕನ್ನಡ ಪದ ಹುಡುಕುತ್ತ ಬಹಳ ಹೊತ್ತು ಹೋಯಿತು. ಕೊನೆಗೆ ಹೀಗೆ ಬರೆದೆ: "ಹನ್ನೆರಡು ಜನರಿಗೆ ಚಳಿಯಲ್ಲಿ ಬೆನ್ನು ಚಾಚಿ ಮಲಗಲು ಜಾಗ ಬೇಕು. ನಾಳೆ ಸಂಜೆ ಏಳಕ್ಕೆ ಟೌನ್‌ಶಿಪ್ ಹಾಲ್. ಒಪ್ಪುವವರೂ ಬನ್ನಿ, ಒಪ್ಪದವರೂ ಬನ್ನಿ, ಎದುರಿಗೆ ಮಾತಾಡೋಣ." ಎರಡು ಸಲ ಓದಿ ಕಳಿಸಿದೆ.

ಯಾರು ಬರುತ್ತಾರೋ ಗೊತ್ತಿಲ್ಲ. ನಾನು ಆರೂವರೆಗೇ ಹೋಗಿ ಕೂರುತ್ತೇನೆ. ಮುಂದಿನ ಸಾಲಿನ ಕುರ್ಚಿಗಳು ಬೇಗ ತುಂಬುತ್ತವೆ.