ನಾಲಿಗೆ ತಡವರಿಸಿದಲ್ಲಿ

ಪ್ರಬಂಧವೆಂದರೆ ಬಾಯಿಪಾಠ ಒಪ್ಪಿಸುವುದೆಂದು ತಿಳಿದಿದ್ದ ಹಲವು ತಲೆಮಾರಿನ ಮಕ್ಕಳಿಗೆ ಸ್ವಂತ ವಾಕ್ಯ ಬರೆಯುವ ಧೈರ್ಯ ಕೊಟ್ಟವರು, ಈಗ ನಿವೃತ್ತರಾಗಿರುವ ನಮ್ಮ ಪೂಜ್ಯ ಭಾಷಾ ಮೇಷ್ಟ್ರು. ಬೇಡದ ವಾಕ್ಯಗಳನ್ನು ದಯೆದಾಕ್ಷಿಣ್ಯವಿಲ್ಲದೆ ಹೊಡೆದುಹಾಕಿಸುತ್ತಿದ್ದುದರಿಂದ ಬೆನ್ನ ಹಿಂದೆ ಅವರನ್ನು ಕತ್ತರಿ ಮೇಷ್ಟ್ರು ಎನ್ನುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಅವರನ್ನು ಕುರಿತು ಬರೆಯುವ ಭಾಗ್ಯ ನನ್ನದಾಗಿದೆಯಾದರೂ, ಅವರನ್ನು ನೆನೆದೊಡನೆ ನನಗೆ ಮೊದಲು ಬರುವುದು ನಾಚಿಕೆಯೇ.

ಅವರು ನಮ್ಮ ಶಾಲೆಗೆ ಬಂದ ಹೊಸತರಲ್ಲಿ ವಾರ್ಷಿಕೋತ್ಸವಕ್ಕೆ ಕಾದಂಬರಿಕಾರರೊಬ್ಬರು ಅತಿಥಿಯಾಗಿ ಬಂದಿದ್ದರು. "ಬರೆದದ್ದನ್ನ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ ಕಡೆ ವಾಕ್ಯ ಕೆಟ್ಟಿದೆ ಅಂತ ಅರ್ಥ, ಹೊಡೆದುಹಾಕಿ," ಎಂದು ಹೇಳಿ ಹೋದರು. ಮೇಷ್ಟ್ರಿಗೆ ಅದು ವೇದವಾಕ್ಯವಾಯಿತು. ಮರುದಿನದಿಂದಲೇ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಪ್ರಬಂಧ ಓದಬೇಕು, ತಡವರಿಸಿದ ವಾಕ್ಯಕ್ಕೆ ಅಲ್ಲೇ ಗೆರೆ ಎಳೆಯಬೇಕು. ಮಾರುದ್ದದ ವಾಕ್ಯಗಳು ಮೊಳವಾದವು, ಮೊಳದವು ಗೇಣಾದವು. ಬರವಣಿಗೆ ನಿಜಕ್ಕೂ ಸುಧಾರಿಸಿತು.

ಕೆಟ್ಟದ್ದು ನನ್ನದೊಂದೇ. ನನಗೆ ಚಿಕ್ಕಂದಿನಿಂದಲೂ ತೊದಲು. ಮೇಷ್ಟ್ರಿಗೆ ಅದಿನ್ನೂ ತಿಳಿದಿರಲಿಲ್ಲ. ಅಂದಿನ ಪ್ರಬಂಧದ ವಿಷಯ 'ನನ್ನ ತಂದೆ'. ಎಲ್ಲರಂತೆ ನಾನೂ 'ಮಾನವನು ಸಂಘಜೀವಿ' ಎಂದೇ ಶುರುಮಾಡಿದ್ದೆ. ಬಾಯಿಪಾಠವಾಗಿದ್ದ ಆ ವಾಕ್ಯ ನೀರು ಕುಡಿದಷ್ಟು ಸುಲಭವಾಗಿ ಬಂತು. ಮುಂದಿನ ಪ್ರತಿ ವಾಕ್ಯದ ಮೊದಲ ಪದದಲ್ಲೇ ಸಿಕ್ಕಿಬಿದ್ದೆ. ಮೇಷ್ಟ್ರು ಹೆದರಿಕೆಯೆಂದು ತಿಳಿದು, "ಹೊಡಿ, ಮುಂದಕ್ಕೆ ಹೋಗು," ಎನ್ನುತ್ತಲೇ ಇದ್ದರು. ಕೊನೆಗೆ ಹಾಳೆಯಲ್ಲಿ ಉಳಿದದ್ದು ಸಂಘಜೀವಿಯೊಂದೇ. ತರಗತಿಗೆ ತರಗತಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಜನ್ಮದಲ್ಲಿ ಏನನ್ನೂ ಬರೆಯುವುದಿಲ್ಲವೆಂದು ನಿಶ್ಚಯಿಸಿ, ಮರುದಿನ ಖಾಲಿ ಹಾಳೆ ಕೊಟ್ಟೆ.

ಸಂಜೆ ಮೇಷ್ಟ್ರು ನನ್ನನ್ನು ಸ್ಟಾಫ್ ರೂಮಿಗೆ ಕರೆಸಿ, ಹಿಂದಿನ ದಿನದ ಹಾಳೆಯಲ್ಲಿ ನಾನು ಗೆರೆ ಎಳೆದಿದ್ದನ್ನೆಲ್ಲ ತಾವೇ ಗಟ್ಟಿಯಾಗಿ ಓದತೊಡಗಿದರು. 'ಅಪ್ಪನಿಗೂ ನನ್ನಂತೆ ತೊದಲು. ಅವರಿಗೆ ಕಾಫಿ ಇಷ್ಟ. ಹೋಟೆಲಿನಲ್ಲಿ ಆ ಪದ ಹೊರಡುವುದಿಲ್ಲವೆಂದು ಟೀ ಕೇಳಿ ಕುಡಿಯುತ್ತಾರೆ.' ಅಲ್ಲಿ ಅವರ ದನಿ ನಿಂತಿತು. ಮತ್ತೆ ಮೊದಲಿನಿಂದ ಓದಿದರು. ಮತ್ತೆ ಅಲ್ಲೇ ನಿಂತಿತು.

"ಅಯ್ಯೋ, ಇದನ್ನ ಹೊಡೆಸಿಬಿಟ್ನಲ್ಲೋ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ," ಎಂದರು.

ಮರುದಿನ ತರಗತಿಯೆದುರು ನಿಂತು ತಪ್ಪು ತಮ್ಮದೆಂದು ತಲೆತಗ್ಗಿಸಿ ಹೇಳಿದರು. ನನಗೆ ಸಮಾಧಾನವಾಗಬೇಕಿತ್ತು, ಇಂಥವರು ನನ್ನಿಂದಾಗಿ ತಲೆತಗ್ಗಿಸುವಂತಾಯಿತಲ್ಲ ಎಂದು ನಾಚಿಕೆ ಇನ್ನಷ್ಟಾಯಿತು. ಅಂದಿನಿಂದ ಒಬ್ಬರದನ್ನು ಇನ್ನೊಬ್ಬರು ಓದುವ ಪದ್ಧತಿ ಬಂತು. ತಡವರಿಸಿದರೆ ಗೆರೆ ಎಳೆಯುವ ಮುನ್ನ "ಇಲ್ಲಿ ಯಾಕೆ ನಿಂತೆ?" ಎಂದು ಕೇಳುತ್ತಿದ್ದರು. ಮುಂದೆ ಅವರು ಕೆಲಸ ಮಾಡಿದ ಶಾಲೆಗಳಲ್ಲೆಲ್ಲ ಅದೇ ಪದ್ಧತಿ ನಡೆಯಿತು.

ಈಗ ಪತ್ರಿಕೆಯಲ್ಲಿ ಬರೆದು ಅನ್ನ ತಿನ್ನುತ್ತಿರುವ ನಾನು, ಈ ಲೇಖನವನ್ನು ಮೇಷ್ಟ್ರ ಸನ್ಮಾನ ಸಮಾರಂಭದಲ್ಲಿ ಬೇರೆ ಯಾರಿಂದಲಾದರೂ ಓದಿಸಿರೆಂದು ಅದನ್ನು ಏರ್ಪಡಿಸಿದ ಸಮಿತಿಗೆ ಬರೆದೆ. ಇಷ್ಟು ವಯಸ್ಸಾದರೂ ಅದೇ ಹೆದರಿಕೆ, ಅದೇ ನಾಚಿಕೆ. ವಿಷಯ ಕಿವಿಗೆ ಬಿದ್ದದ್ದೇ ಮೇಷ್ಟ್ರು ಫೋನ್ ಮಾಡಿದರು.

"ನೀನೇ ಓದಬೇಕು ಕಣೋ. ಎಷ್ಟೊತ್ತಾದ್ರೂ ಕೂತಿರ್ತೀನಿ. ನಂಗಿನ್ನೇನು ಕೆಲಸ, ರಿಟೈರ್ ಆಗಿದೀನಲ್ಲ!"

"ಆಗ್ಲಿ ಸರ್" ಎನ್ನಲು ನನಗೆ ಬಹಳ ಹೊತ್ತು ಹಿಡಿಯಿತು. ಅವರು ಫೋನ್ ಇಡಲಿಲ್ಲ.

ಆದ್ದರಿಂದ ಸಭಿಕರ ಕ್ಷಮೆ ಕೋರಿ ನಾನೇ ಓದುತ್ತಿದ್ದೇನೆ. ನಮ್ಮ ಮೇಷ್ಟ್ರಿಗೆ ಒಳ್ಳೆಯ ಆರೋಗ್ಯವಿರಲಿ, ತಿದ್ದಲು ಕೈತುಂಬ ಹಾಳೆಗಳಿರಲಿ, ನಾನು ಓದಿ ಮುಗಿಸುವವರೆಗೂ ಕಾದು ಕೂರುವಷ್ಟು ದೀರ್ಘವಾದ ಆಯುಷ್ಯವಿರಲಿ.