ಗುಂಡುಕಲ್ಲಿಗೆ ಅರ್ಧ ಚಮಚ ದುಬೈ ಪುಡಿ

ಕಳೆದ ತಿಂಗಳು ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಸಾಗಿಸಲು ಪಕ್ಕದ ಮನೆಯವರನ್ನು ಕರೆದೆ. ನಾನು ಮಾಡಿದ್ದು ಅಷ್ಟೇ. ಹೆಂಡತಿ ಸರೋಜ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು.

"ಅಲ್ಲಾ, ನೀವು ನಿಮ್ಮೂರಿನ ಗುಂಡುಕಲ್ಲು ಎತ್ತಿದ್ದು ನಿಜವೇನ್ರೀ?"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೇಳುವ ಪ್ರಶ್ನೆಯೇ ಇದು?

ವಿಷಯ ಹೀಗಿದೆ. ಸರಗೂರಿನ ಆಚೆ ಇರುವ ನಮ್ಮೂರಿನ ಚಾವಡಿಯ ಮುಂದೆ ಒಂದು ಕಲ್ಲಿದೆ. ಕುಂಬಳಕಾಯಿಯಂತೆ ಗುಂಡಗೆ, ನುಣ್ಣಗೆ. ಬೆರಳು ಊರಲು ಎಲ್ಲೂ ಜಾಗವಿಲ್ಲ. ಯುಗಾದಿಯ ದಿನ ವರ್ಷದ ಮೊದಲ ಉಳುಮೆಯಾದ ಹೊನ್ನಾರು ಮುಗಿಸಿ ಬಂದ ಹುಡುಗರು ಅದನ್ನು ಹೆಗಲಿಗೇರಿಸಬೇಕು. ಏರಿಸಿದವನನ್ನು ಆಮೇಲೆ ಊರಿನಲ್ಲಿ ಯಾರೂ ಹುಡುಗ ಅನ್ನುವುದಿಲ್ಲ. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಒಂದು ಯುಗಾದಿಗೆ ನಾನೂ ಎತ್ತಿದೆ. ಮುಂದೆ ಹೆಣ್ಣು ನೋಡಲು ಹೋದಾಗ ಮಾವನವರು ನನ್ನ ಡಿಗ್ರಿಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಓದಿದ್ರೂವೆ ಕಲ್ಲು ಎತ್ತವ್ನೆ" ಎಂದು ಮಗಳನ್ನು ಕೊಟ್ಟರು.

ಎತ್ತಿದೆನೇ?

ಸರೋಜಳಿಗೆ "ನಿಜ ಕಣೇ" ಎಂದೆ. ಅಂದ ಕೂಡಲೇ ಒಳಗೆ ಏನೋ ಅಲುಗಾಡಿತು. (ತರ್ಕಶಾಸ್ತ್ರ ಓದಿದವರ ಕಾಯಿಲೆ ಇದು. ಬೇರೆಯವರ ದೇವರಿಂದ ಶುರುವಾದ ಅನುಮಾನ ಕೊನೆಗೆ ನಮ್ಮ ತಲೆಗೇ ಬರುತ್ತದೆ.) ಆ ದಿನವನ್ನು ಕಣ್ಣ ಮುಂದೆ ತಂದುಕೊಂಡರೆ ನನಗೆ ಕಾಣಿಸುವುದು ನನ್ನ ಬೆನ್ನು. ಬೆವರಿದ ಬೆನ್ನು, ಹೆಗಲ ಮೇಲೆ ಕಲ್ಲು. ಕಲ್ಲು ಹೊತ್ತವನಿಗೆ ತನ್ನ ಬೆನ್ನು ತನಗೇ ಹೇಗೆ ಕಂಡಿತು? ಎತ್ತಿದವನು ಬೇರೆ ಯಾರೋ ಇದ್ದು, ನಾನು ಹಿಂದೆ ನಿಂತು ಚಪ್ಪಾಳೆ ತಟ್ಟಿದೆನೇ?

ಊರಿನಲ್ಲಿ ಕೇಳಬಹುದಿತ್ತು. ಆದರೆ "ನಾನು ಆ ಕಲ್ಲು ಎತ್ತಿದ್ದೆನಾ?" ಎಂದು ಕೇಳಿಕೊಂಡು ಬರುವ ಗಂಡಸನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಉಳಿದದ್ದು ಒಂದೇ ದಾರಿ. ಮತ್ತೆ ಎತ್ತುವುದು.

ನಾವು ಈಗಿರುವ ಹ್ಯಾಂಡ್‌ಪೋಸ್ಟ್‌ನಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಈಗೊಂದು ಜಿಮ್ ಶುರುವಾಗಿದೆ. ನಡೆಸುವವನು ಬಿಜು. ಅವನಪ್ಪ ಶುಂಠಿ ಬೆಳೆಯಲು ಕೇರಳದಿಂದ ಬಂದವರು. ಬಿಜು ಮಾತ್ರ ನಮ್ಮ ಕೋಟೆ ತಾಲ್ಲೂಕಿನಲ್ಲೇ ಹುಟ್ಟಿ ಬೆಳೆದವನು. ನನ್ನ ತೋಳನ್ನು ಸಂತೆಯಲ್ಲಿ ಬದನೆಕಾಯಿ ಹಿಸುಕುವಂತೆ ಹಿಸುಕಿ ನೋಡಿ, ಬೀರುವಿನಿಂದ ಒಂದು ಕಪ್ಪು ಡಬ್ಬಿ ತೆಗೆದ.

"ನಮ್ ಭಾವ ದುಬೈಯಿಂದ ತಂದಿದ್ದು ಸಾರ್. ಪ್ರೀ-ವರ್ಕೌಟ್. ಕಸರತ್ತಿಗೆ ಮೊದ್ಲು ನೀರಲ್ಲಿ ಕಲಸಿ ಕುಡೀಬೇಕು. ಅರ್ಧ ಚಮಚ, ಜಾಸ್ತಿ ಬ್ಯಾಡ. ಎನರ್ಜಿ ಬತ್ತದೆ, ಫೋಕಸ್ ಬತ್ತದೆ."

ಡಬ್ಬಿಯ ಹಿಂದೆ ಬರೆದಿದ್ದನ್ನೆಲ್ಲ ಓದಿದೆ. ಮುಕ್ಕಾಲು ಪಾಲು ಅರ್ಥವಾಗಲಿಲ್ಲ. ಅರ್ಥವಾದದ್ದು ಕೆಫೀನ್. ಅಂದರೆ ನಮ್ಮ ಕಾಫಿಯೇ, ಕೋಟು ಹಾಕಿಕೊಂಡು ಬಂದಿದೆ. ನಾನು ನಂಬಲಿಲ್ಲ. ಕೊಂಡುಕೊಂಡೆ.

ಮೊದಲ ದಿನ ಮನೆಯಲ್ಲೇ ಕುಡಿದೆ. ಸ್ವಲ್ಪ ಹೊತ್ತಿಗೆ ಕಿವಿಯ ಮೇಲೆ ಇರುವೆ ಹರಿದಂತಾಯಿತು. ಕಣ್ಣು ಅಗಲವಾಯಿತು. ಜಿಮ್‌ಗೆ ಹೊರಡಲು ಸೈಕಲ್ ತೆಗೆದರೆ ಚೈನಿನಲ್ಲಿ ಒಂದು ಚೂರು ಕೊಳೆ ಕಾಣಿಸಿತು. ಎಂಥ ಫೋಕಸ್ ಅಂತೀರಿ! ಚೈನಿನ ಒಂದೊಂದು ಕೊಂಡಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ತಲೆಯೆತ್ತಿ ನೋಡುವಾಗ ಜಿಮ್ ಬಾಗಿಲು ಹಾಕುವ ಹೊತ್ತು ಮೀರಿತ್ತು. ವರ್ಕೌಟಿಗೆ ಮೊದಲು ಕುಡಿಯುವುದನ್ನು ಕುಡಿದು ವರ್ಕೌಟನ್ನೇ ಮರೆತವನು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

"ನಾಳೆನೂ ಕುಡೀರಿ, ಫ್ಯಾನ್ ಒರೆಸೋದು ಹಾಗೇ ಇದೆ," ಎಂದಳು ಸರೋಜ.

ಆಮೇಲೆ ಮರೆಯದೆ ಜಿಮ್‌ಗೆ ಹೋದೆ. ಕಬ್ಬಿಣ ಎತ್ತಿದೆ. ಧೈರ್ಯ ಬಂತು. ಮೊನ್ನೆ ಭಾನುವಾರ ಬಾಟಲಿಯಲ್ಲಿ ಪುಡಿ ಕಲಸಿಕೊಂಡು ಊರಿನ ಬಸ್ಸು ಹತ್ತಿದೆ.

ಚಾವಡಿಯಲ್ಲಿ ಚಿಕ್ಕಪ್ಪ, ನನ್ನ ಜೊತೆ ಪ್ರೈಮರಿ ಓದಿದ ಮಾದೇವ, ಇನ್ನೂ ನಾಲ್ಕಾರು ಜನ ಕೂತಿದ್ದರು. ಕಲ್ಲಿನ ಪಕ್ಕ ನಿಂತು ಬಾಟಲಿಯ ಮುಚ್ಚಳ ತಿರುಗಿಸಿದೆ. ನಾನು ತಪ್ಪಿದ್ದು ಇಲ್ಲೇ. ಜಿಮ್‌ನಲ್ಲಿ ಅವರವರ ಬಾಟಲಿ ಅವರವರದು. ನಮ್ಮೂರಿನ ಚಾವಡಿಯಲ್ಲಿ ಹತ್ತು ಜನರ ಎದುರು ಒಬ್ಬನೇ ಏನನ್ನಾದರೂ ಕುಡಿಯುವುದುಂಟೇ?

"ಏನ್ಲಾ ಅದು, ಕೆಂಪುಗೆ?" ಎಂದರು ಚಿಕ್ಕಪ್ಪ.

"ಶಕ್ತಿ ಬರೋದು, ಚಿಕ್ಕಪ್ಪ."

"ಅಂಗಾರೆ ಒಬ್ನೇ ಕುಡ್ದೀಯೇನ್ಲಾ? ಎಮ್ಮೆ ಮಾಡ್ದೋರೆಲ್ಲ ಇಂಗೇಯಾ?" (ಎಂ.ಎ.ಯನ್ನು ಅವರು ಇಂದಿಗೂ ಹೀಗೇ ಕರೆಯುವುದು. ಬೇಕೆಂದೇ.)

ಬಾಟಲಿ ಹೊರಟಿತು. ಒಬ್ಬೊಬ್ಬರೂ ತುಟಿಗೆ ತಾಗಿಸದೆ ಮೇಲಕ್ಕೆತ್ತಿ ಗುಟುಕು ಸುರಿದುಕೊಂಡರು. ಮಾದೇವ ಎರಡು ಗುಟುಕು ಎಳೆದು, "ಸೋಡಾ ಇದ್ದಂಗದೆ ಕಣ, ಗ್ಯಾಸೊಂದಿಲ್ಲ," ಎಂದ. ನನ್ನ ಕೈಗೆ ವಾಪಸು ಬಂದಾಗ ಬಾಟಲಿಯಲ್ಲಿ ಉಳಿದಿದ್ದದ್ದು ಬಣ್ಣ ಮಾತ್ರ.

ಸರಿ, ಬಗ್ಗಿ ಕಲ್ಲನ್ನು ತಬ್ಬಿದೆ. ಮೊಣಕಾಲಿಗೆ ಬಂತು. ತೊಡೆಗೆ ಬಂತು. ಅಲ್ಲಿಂದ ಧಡಕ್ಕನೆ ನೆಲಕ್ಕೆ ಹೋಯಿತು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಅಷ್ಟರಲ್ಲಿ ಪುಡಿ ಕೆಲಸ ಶುರುಮಾಡಿತ್ತು, ಅವರಲ್ಲಿ. ಚಿಕ್ಕಪ್ಪ ಕಿವಿ ಕೆರೆದುಕೊಂಡು ಎದ್ದು ನಿಂತರು.

"ಅಂಗಲ್ಲ ಕಣ್ಲಾ ತಬ್ಬೋದು! ನಾನು ಎರಡು ಸಲ ಎತ್ತಿವ್ನಿ, ನಿಮ್ಮಪ್ಪ ನೋಡವ್ನೆ."

"ನಾನು ಎತ್ಕಂಡು ಚಾವಡಿ ಸುತ್ತ ಬಂದಿಲ್ವಾ?" ಎಂದ ಮಾದೇವ. ಶಾಲೆಯಲ್ಲಿ ಅವನ ಚೀಲವನ್ನು ಅವನ ತಂಗಿ ಹೊರುತ್ತಿದ್ದಳು.

ಇನ್ನೊಬ್ಬರು ಮಳೆಯಲ್ಲಿ ಎತ್ತಿದ್ದರು. ಮತ್ತೊಬ್ಬರು ಜ್ವರದಲ್ಲಿ. ದನಿಗಳು ಏರಿದವು, ತೋಳುಗಳು ಗಾಳಿಯನ್ನು ತಬ್ಬಿ ಹೆಗಲಿಗೇರಿಸಿದವು. ಕಲ್ಲೊಂದು ಮಾತ್ರ ನೆಲದ ಮೇಲಿತ್ತು.

ಈ ಗದ್ದಲದಲ್ಲಿ ನನಗೂ ನಾಚಿಕೆ ಬಿಟ್ಟುಹೋಯಿತು. "ಚಿಕ್ಕಪ್ಪ, ನಾನು?" ಎಂದೆ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ನನ್ನ ಎದೆ ಹೊಡೆದುಕೊಂಡಿತು. (ನನ್ನ ಪಾಲಿಗೆ ಕೆಫೀನ್ ಸಿಕ್ಕಿರಲಿಲ್ಲ ಎಂಬುದು ಗಮನದಲ್ಲಿರಲಿ.)

"ನೀನಾ? ಎತ್ತಿದ್ದೆ ಬುಡು. ಪಟಾಪಟಿ ಚಡ್ಡಿ ಆಕ್ಕಂಡಿದ್ದೆ. ಎಗಲಿಗೆ ಏರಿಸ್ಬುಟ್ಟು ಮೊದ್ಲು ನಿಮ್ಮವ್ವನ ಕಡೆ ತಿರುಗ್ದೆ. ಅವ್ಳು ಆ ಬಾಗಿಲಲ್ಲಿ ನಿಂತ್ಕಂಡು ಕಣ್ಣೊರ್ಸ್ಕತಿದ್ಲು."

ಅವ್ವ! ನನ್ನ ನೆನಪಿನಲ್ಲಿ ಅವ್ವ ಇರಲೇ ಇಲ್ಲ. ಆ ದಿನವನ್ನು ನಾನೇ ಕಟ್ಟಿಕೊಂಡಿದ್ದರೆ ಅವಳನ್ನು ಬಿಡುತ್ತಿದ್ದೆನೇ?

ಚಿಕ್ಕಪ್ಪ ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇಳಿಸೋಕೆ ಬರ್ದೆ ಒದ್ದಾಡ್ತಿದ್ದೆ ಕಣ್ಲಾ. ನಾನೇ ಬಂದು ಒಂದೇ ಕೈಲಿ ಇಸ್ಕಂಡು ಕೆಳಗೆ ಮಡಗ್ದೆ."

ವಾಪಸು ಬರುವಾಗ ಬಸ್ಸಿನಲ್ಲಿ ಕೂತು ತರ್ಕಶಾಸ್ತ್ರದ ಪ್ರಕಾರವೇ ಯೋಚಿಸಿದೆ. ನನಗಿರುವ ಸಾಕ್ಷಿ ಒಬ್ಬರೇ. ಅವರ ಹೊಟ್ಟೆಯಲ್ಲಿ ದುಬೈ ಪುಡಿ. ಆ ಕಲ್ಲನ್ನು ಒಂದೇ ಕೈಯಲ್ಲಿ ಇಸಿದುಕೊಂಡೆ ಎಂದ ಬಾಯಿಯೇ ನನ್ನ ಪರವಾಗಿಯೂ ಹೇಳಿದ್ದು. ಇಂಥ ಸಾಕ್ಷಿಯನ್ನು ನಂಬುವುದು ಪೂರ್ತಿ ಅವೈಜ್ಞಾನಿಕ.

ನಂಬದೆ ಇರುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ?